ಟ್ರೆವರ್‌ಗೆ ಮೊದಲ ಪೊಟ್ಟಣ

ಮೆರಿನ್ ಪಾಸ್ಕೋಗೆ ಎಲ್ಲರೂ ಹೂಂ ಅಂದಾಗಿತ್ತು, ಒಬ್ಬನನ್ನು ಬಿಟ್ಟು. ಆಟಕ್ಕೆ ಸಂಗೀತ ಮಾಡಿಕೊಟ್ಟಿದ್ದ ಹುಡುಗಿ ಹೋಬಾರ್ಟಿನಿಂದ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಂಡಿದ್ದಳು. ಚಿತ್ರ ಬರೆದಿದ್ದವನು ಒಪ್ಪಿಗೆಯ ಜೊತೆಗೆ, ಯಾರೂ ಕೇಳದಿದ್ದರೂ, ತನ್ನ ಮಗುವಿನ ಫೋಟೋ ಲಗತ್ತಿಸಿದ್ದ. ಉಳಿದವನು ಲೆಫ್ಟೆರಿಸ್. ಅವನಿಗೆ ಕಳಿಸಿದ ಸಂದೇಶಗಳ ಕೆಳಗೆಲ್ಲ ಓದಿದ ಗುರುತು ಬೀಳುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದೊಳಗೆ ಅವನು ಬಾಯಿ ಬಿಡದಿದ್ದರೆ ಆಟ ಸತ್ತಂತೆಯೇ.

ಆಟದ ಹೆಸರು 'ಉಪ್ಪು ಹಾಕ್ಲಾ?'. ಅಡಿಲೇಡಿನಲ್ಲಿ ಮೆರಿನ್ ಮನೆಯ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ಅವಳೂ ಲೆಫ್ಟೆರಿಸ್ಸೂ ಕೂತು, ಬೇಸಿಗೆಯಲ್ಲಿ ಬೆಂದು ಚಳಿಗಾಲದಲ್ಲಿ ಮರಗಟ್ಟಿ, ನಾಲ್ಕು ವರ್ಷ ತಿದ್ದಿ ತೀಡಿ ಮಾಡಿದ ಆಟ. ಕಡಲ ಕಟ್ಟೆಯ ಪಕ್ಕ ಒಂದು ಮೀನು-ಚಿಪ್ಸಿನ ಅಂಗಡಿ. ಆಡುವವರು ಅಂಗಡಿಯ ಯಜಮಾನಿ. ಮೀನು ಕರಿಯಬೇಕು, ಚಿಪ್ಸ್ ಕಟ್ಟಿಕೊಡಬೇಕು, ಪ್ರತಿ ಗಿರಾಕಿಗೂ ಉಪ್ಪು ಹಾಕ್ಲಾ ಎಂದು ಕೇಳಬೇಕು. ಅಷ್ಟರಲ್ಲಿ ಟ್ರೆವರ್ ಬರುತ್ತಾನೆ. ಟ್ರೆವರ್ ಒಂದು ಕಡಲಕ್ಕಿ. ಚಿಪ್ಸ್ ಕದಿಯುವುದು ಅವನ ಕಸುಬು. ಟವೆಲ್ ಬೀಸಿ ಓಡಿಸುವುದು ನಿಮ್ಮ ಕಸುಬು. ಇಷ್ಟೇ ಆಟ. ಜನ ಇದಕ್ಕೆ ಮುಗಿಬಿದ್ದು ಆಡಿದ್ದು ಟ್ರೆವರ್‌ಗೋಸ್ಕರ, ಟ್ರೆವರ್‌ನನ್ನು ಬರೆದವನು ಲೆಫ್ಟೆರಿಸ್.

ಆಟಕ್ಕೊಂದು ಬೀಗವಿತ್ತು. ಪ್ರಕಾಶಕರು ಹಾಕಿಸಿದ್ದು, ಮೆರಿನ್ ತಲೆಯಾಡಿಸಿದ್ದು. ಪ್ರತಿ ಸಲ ಆಟ ತೆರೆದಾಗಲೂ ಅದು ಸಿಡ್ನಿಯ ಒಂದು ಸರ್ವರಿಗೆ ಹೋಗಿ, ಇವರು ದುಡ್ಡು ಕೊಟ್ಟವರು ತಾನೇ ಎಂದು ಕೇಳಿ ಬರಬೇಕು. ಈಗ ಆ ಪ್ರಕಾಶಕರೇ ಅಂಗಡಿ ಮುಚ್ಚುತ್ತಿದ್ದರು. ಆಟದ ಹಕ್ಕು ನಿಮಗೇ ವಾಪಸ್, ಏನು ಬೇಕಾದರೂ ಮಾಡಿಕೊಳ್ಳಿ, ಭಾನುವಾರ ಮಧ್ಯಾಹ್ನ ಸರ್ವರ್ ಆರಿಸುತ್ತೇವೆ ಎಂದು ಎರಡು ಸಾಲು ಬರೆದಿದ್ದರು. ಆಮೇಲೆ ಬೀಗ ಯಾರನ್ನು ಕೇಳಬೇಕು? ಕಾಸು ಕೊಟ್ಟು ಕೊಂಡವರೆಲ್ಲ ಬಾಗಿಲಾಚೆ ನಿಲ್ಲಬೇಕು.

ಮೆರಿನ್ ಈಗ ಬಸ್ ಟಿಕೆಟ್ಟಿನ ಆ್ಯಪ್ ಮಾಡುವ ಕಂಪನಿಯಲ್ಲಿ ಸಂಬಳಕ್ಕಿದ್ದಳು. ಹಳೆಯ ಆಟವನ್ನು ಜೀವಮಾನವಿಡೀ ರಿಪೇರಿ ಮಾಡುತ್ತ ಕೂರಲು ಅವಳಿಂದಾಗದು. ಹಾಗಾಗಿ ಬೀಗ ಕಿತ್ತು, ಒಳಗಿನ ಕೋಡನ್ನೆಲ್ಲ ಬಯಲಿಗಿಟ್ಟು, ಯಾರು ಬೇಕಾದರೂ ಆಡಿ, ತಿದ್ದಿ, ಹಂಚಿ ಎಂದು ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. ಹಾಗೆ ಬಿಡುವುದಕ್ಕೆ ಒಂದು ಪದ್ಧತಿಯಿದೆ. ಒಂದೇ ಸಾಲು ಬರೆದವರಾದರೂ ಸರಿ, ಎಲ್ಲರೆದುರು ತಮ್ಮ ಹೆಸರಲ್ಲಿ 'ಒಪ್ಪಿದ್ದೇನೆ' ಎಂದು ಬರೆಯಬೇಕು. ಲೆಫ್ಟೆರಿಸ್ ಬರೆದದ್ದು ಒಂದು ಸಾಲಲ್ಲ, ಅರ್ಧ ಆಟ. ಅವನ ಮಾತಿಲ್ಲದೆ ಬೀಗವನ್ನೂ ಮುಟ್ಟುವಂತಿಲ್ಲ. ಟ್ರೆವರ್ ಒಬ್ಬನನ್ನಾದರೂ ಹೊಸದಾಗಿ ಬರೆಯೋಣವೆಂದು ಮೆರಿನ್ ಕೂತು ನೋಡಿದ್ದಳು. ಅವಳ ಹಕ್ಕಿ ಚಿಪ್ಸ್ ಕದಿಯುತ್ತಿತ್ತು, ಅಷ್ಟೇ. ಲೆಫ್ಟೆರಿಸ್‌ನ ಟ್ರೆವರ್ ಕದಿಯುವ ಮುಂಚೆ ಏನೂ ಗೊತ್ತಿಲ್ಲದವನಂತೆ ಬೇರೆ ಕಡೆ ನೋಡುತ್ತಿದ್ದ.

ಜಗಳ ಆದದ್ದು ಆಟ ಬಿಡುಗಡೆಯಾದ ದಿನ. ಲೆಫ್ಟೆರಿಸ್‌ನ ತಾಯಿ ಫೋತೀನಿ ಥೆವೆನಾರ್ಡ್ ಎಂಬ ದೂರದ ಕಡಲೂರಿನಲ್ಲಿ ನಿಜಕ್ಕೂ ಮೀನು-ಚಿಪ್ಸಿನ ಅಂಗಡಿ ಇಟ್ಟವಳು. ಆಟದ ಯಜಮಾನಿಗೆ ಅವಳದೇ ಮುಖ, ಅವಳದೇ ಏಪ್ರನ್. ಮಗನ ಆಟವನ್ನು ಎಲ್ಲರಿಗಿಂತ ಮೊದಲು ತಾನೇ ಕೊಂಡು, ಊರ ಮೀನುಗಾರರನ್ನೆಲ್ಲ ಕರೆದು, ಚರ್ಚಿನ ಪಾದ್ರಿಗಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಗುಂಡಿ ಒತ್ತಿದಳು. ಹಿಂದಿನ ದಿನದ ಗಾಳಿಗೆ ಇಂಟರ್ನೆಟ್ಟಿನ ತಂತಿ ಹರಿದಿತ್ತು. ನೀವು ಈ ಆಟದ ಮಾಲೀಕರೆಂದು ಖಚಿತವಾಗುತ್ತಿಲ್ಲ ಎಂದು ಪರದೆ ಹೇಳಿತು. ಅವಳದೇ ಮುಖದ ಕೆಳಗೆ, ಇಡೀ ಊರಿನ ಎದುರಿಗೆ. ಆವತ್ತು ಊರಲ್ಲೇ ಇದ್ದ ಲೆಫ್ಟೆರಿಸ್ ಫೋನ್ ಮಾಡಿ ಮೆರಿನ್‌ಗೆ ಹೇಳಿದ. ಬಿಡುಗಡೆಯ ಗಡಿಬಿಡಿಯಲ್ಲಿ ನೂರೆಂಟು ಕಡೆ ಬೆಂಕಿ ಆರಿಸುತ್ತಿದ್ದ ಮೆರಿನ್, ನಿಮ್ಮಮ್ಮನಿಗೆ ಒಳ್ಳೆ ಇಂಟರ್ನೆಟ್ ಹಾಕಿಸಿಕೊಳ್ಳಲು ಹೇಳು ಎಂದುಬಿಟ್ಟಳು. ನಾಲಿಗೆಗೆ ಎಲುಬಿಲ್ಲವಲ್ಲ, ಹೊರಳಿಬಿಟ್ಟಿತು. ಲೆಫ್ಟೆರಿಸ್ ಮಾರನೆಯ ವಾರ ಶೆಡ್ಡಿನಿಂದ ತನ್ನ ಕುರ್ಚಿ ಎತ್ತಿಕೊಂಡು ಊರಿಗೆ ಹೋದವನು ತಿರುಗಿ ಬರಲಿಲ್ಲ. ಆಗಿನಿಂದ ಆರು ವರ್ಷ ಮಾತಿಲ್ಲ, ಕತೆಯಿಲ್ಲ. ಮೆರಿನ್‌ಗೆ ಆಟದ ನೆನಪಾದಾಗಲೆಲ್ಲ ಮೊದಲು ನೆನಪಾಗುತ್ತಿದ್ದುದು ಆ ಕುರ್ಚಿ ಇದ್ದ ಜಾಗ.

ಶುಕ್ರವಾರ ರಜೆ ಹಾಕಿ ಹೊರಟೇಬಿಟ್ಟಳು. ಫೋನಿನಲ್ಲಿ ಕೆಟ್ಟದ್ದು ಫೋನಿನಲ್ಲಿ ಸರಿಹೋಗುವುದಿಲ್ಲ ಎಂದು ಅವಳಿಗೇ ಅನ್ನಿಸಿತ್ತು. ಬೆಳಗಾಗುವ ಮುಂಚೆ ಅಡಿಲೇಡ್ ಬಿಟ್ಟು, ಕಿಂಬಾದಲ್ಲಿ ನಿಂತು ಮಾಂಸ ತುಂಬಿದ ಒಂದು ಪಾಸ್ಟಿ ತಿಂದು, ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಗೋಧಿ ಹೊಲಗಳಿಗೆ ಒಪ್ಪಿಸುತ್ತ, ಮಧ್ಯಾಹ್ನದ ಹೊತ್ತಿಗೆ ಥೆವೆನಾರ್ಡ್ ಮುಟ್ಟಿದಳು. ಕಟ್ಟೆಯಲ್ಲಿ ಧಾನ್ಯದ ಹಡಗೊಂದು ನಿಂತಿತ್ತು. ಗಾಳಿ ಕಿವಿ ಕತ್ತರಿಸುವಂತಿತ್ತು.

ಲೆಫ್ಟೆರಿಸ್ ಗಲ್ಲೆಯ ಹಿಂದೆ ವೈಟಿಂಗ್ ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆಗೂದಲು ಹಿಂದೆ ಸರಿದಿತ್ತು, ಹೊಟ್ಟೆ ಮುಂದೆ ಬಂದಿತ್ತು. ಅವಳನ್ನು ನೋಡಿ ಚಾಕು ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಓಹೋ, ಅಡಿಲೇಡಿನೋರು," ಅಂದ. "ಮೀನು ಬೇಕಾ, ಚಿಪ್ಸ್ ಬೇಕಾ?"

"ಒಪ್ಪಿಗೆ ಬೇಕು."

"ಅದು ಇವತ್ತು ತಾಜಾ ಬಂದಿಲ್ಲ."

ಮೆರಿನ್‌ಗೆ ನಗು ಬಂತು. ದಾರಿಯುದ್ದಕ್ಕೂ ಉರು ಹೊಡೆದದ್ದೆಲ್ಲ ಮರೆತುಹೋಗಿ, ಸುಮ್ಮನೆ ನಿನ್ನನ್ನು ನೋಡಿ ತುಂಬ ದಿನ ಆಯಿತು ಎಂದಳು. ಅವನು ಮೀನನ್ನೇ ನೋಡುತ್ತ ಉತ್ತರ ಕೊಟ್ಟ.

"ನಂದೇನಿಲ್ಲ ಮೆರಿನ್. ನನ್ ಸಿಟ್ಟು ಯಾವತ್ತೋ ಇಳೀತು. ಆಮೇಲೆ ಉತ್ತರ ಬರಿಯೋಕೆ ನಾಚಿಕೆ ಆಯ್ತು, ಅಷ್ಟೇ. ಆದ್ರೆ ಅವತ್ತು ಊರ್ ಮುಂದೆ ಮರ್ಯಾದೆ ಹೋಗಿದ್ದು ನಂದಲ್ಲ, ಅಮ್ಮಂದು. ಅವಳು ಹೂಂ ಅಂದ್ರೆ ನಾನೂ ಹೂಂ. ಉಹೂಂ ಅಂದ್ರೆ ಒಂದು ಪೊಟ್ಟಣ ಚಿಪ್ಸ್ ತಿಂದ್ಕೊಂಡು ವಾಪಸ್ ಹೋಗು."

ಹಿಂದಿನ ಬಾಗಿಲಿನಿಂದ ಫೋತೀನಿ ಬಂದಳು. ಕುಳ್ಳಗೆ, ಗಟ್ಟಿಮುಟ್ಟಾಗಿ, ಊರಿನ ಫುಟ್‌ಬಾಲ್ ತಂಡದ ಉಣ್ಣೆ ಟೋಪಿಯನ್ನು ಕಿವಿತನಕ ಎಳೆದುಕೊಂಡು. ಮುಂಚೆ ಮೆರಿನ್ ಅವಳನ್ನು ಥಿಯಾ ಎನ್ನುತ್ತಿದ್ದಳು. ಗ್ರೀಕರಾದ ಅವರಲ್ಲಿ ಅತ್ತೆ, ಚಿಕ್ಕಮ್ಮ ಎಲ್ಲರಿಗೂ ಅದೇ ಮಾತು. ಈಗ ಹಾಗೆ ಕರೆಯಬಹುದೋ ಬಾರದೋ ಎಂದು ಬಾಯಿ ತಡವರಿಸಿತು.

"ನೀನೇ ಅಲ್ವಾ, ಒಳ್ಳೆ ಇಂಟರ್ನೆಟ್ ಹಾಕಿಸ್ಕೊಳ್ಳಿ ಅಂದೋಳು," ಎಂದಳು ಫೋತೀನಿ.

"ಹೌದು, ಥಿಯಾ."

"ಹಾಕಿಸ್ಕೊಂಡೆ. ಅದೂ ದರಿದ್ರದ್ದೇ." ಗೂಟದ ಮೇಲಿದ್ದ ಏಪ್ರನ್ ತೆಗೆದು ಮೆರಿನ್ ಕಡೆ ಎಸೆದಳು. "ಕೆಲ್ಸದ ಹುಡುಗಿಗೆ ಜ್ವರ. ಇವತ್ತು ಶುಕ್ರವಾರ. ಮಾತೆಲ್ಲ ಆಮೇಲೆ."

ಶುಕ್ರವಾರದ ಸಂಜೆ ಎಂದರೆ ಊರಿಗೆ ಊರೇ ಬಂದು ನಿಲ್ಲುತ್ತದೆ. ನಾಲ್ಕು ವರ್ಷ ಚಿಪ್ಸ್ ಅಂಗಡಿಯ ಆಟ ಕಟ್ಟಿದವಳಿಗೆ ಒಂದು ಪೊಟ್ಟಣ ನೆಟ್ಟಗೆ ಕಟ್ಟಲು ಬರಲಿಲ್ಲ. ಎಣ್ಣೆ ಸಿಡಿದು ಕೈ ಚುರುಗುಟ್ಟಿತು. ಉಪ್ಪು ಹಾಕ್ಲಾ ಎಂದು ಕೇಳುವುದನ್ನು ಮರೆತು ಇಬ್ಬರಿಂದ ಬೈಸಿಕೊಂಡಳು. ಆಟದಲ್ಲಿ ಈ ಪ್ರಶ್ನೆ ಬರೆದವಳು ಅವಳೇ ಎಂದು ಲೆಫ್ಟೆರಿಸ್ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ನಗಿಸಿದ. ಹೊರಗಿನ ಬೆಂಚಿನಲ್ಲಿದ್ದ ಹಡಗಿನ ಆಳುಗಳಿಗೆ ಕೊಡಲು ಹೋದರೆ, ಎತ್ತಲಿಂದಲೋ ಬಂದ ಕಡಲಕ್ಕಿಯೊಂದು ಕೈಯಿಂದಲೇ ಪೊಟ್ಟಣ ಕಿತ್ತುಕೊಂಡು ಹೋಯಿತು. ಹಿಂದೆಯೇ ಒಂದು ಹಿಂಡು.

ಫೋತೀನಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇಷ್ಟೂ ತಿಳಿಯದವಳು ಅಂಗಡಿ ಆಟ ಮಾಡಿದಳಂತೆ ಎನ್ನುವ ಮುಖ. ಒಳಗಿನಿಂದ ಪುಡಿ ಚಿಪ್ಸಿನ ಒಂದು ಪೊಟ್ಟಣ ತಂದು, ದೀಪದ ಕಂಬದ ಮೇಲಿದ್ದ ದಪ್ಪ ಹಕ್ಕಿಯೊಂದನ್ನು ಹುಡುಕಿ, ಅದರ ಕೆಳಗೇ ಸುರಿದಳು. ಅದು ಇಳಿದು ಗಂಟಲುಮಟ್ಟ ತಿಂದು ಮತ್ತೆ ಕಂಬ ಹತ್ತಿತು. ಆಮೇಲೆ ಬೇರೆ ಯಾವ ಹಕ್ಕಿ ಬೆಂಚಿನ ಹತ್ತಿರ ಸುಳಿದರೂ ಅದೇ ಕಿರುಚಿಕೊಂಡು ಮೇಲೆ ಬಿದ್ದು ಅಟ್ಟುತ್ತಿತ್ತು. ಉಳಿದ ಸಂಜೆಯೆಲ್ಲ ಒಂದು ಚಿಪ್ಸೂ ಹೋಗಲಿಲ್ಲ.

ಮೆರಿನ್‌ಗೆ ಏನೋ ನೆನಪಾಯಿತು. ಹೊಟ್ಟೆ ತುಂಬಿದ್ದರೆ ಟ್ರೆವರ್ ತನ್ನ ಜಾಗ ಕಾಯಬೇಕು ಎಂದು ಲೆಫ್ಟೆರಿಸ್ ಕೋಡಿನಲ್ಲಿ ಒಂದಷ್ಟು ಸಾಲು ಬರೆದಿದ್ದ. ಆಟದಲ್ಲಿರುವುದೇ ಒಂದು ಹಕ್ಕಿ, ಅದು ಯಾರಿಂದ ಕಾಯಬೇಕು ಮಾರಾಯ ಎಂದು ಅವಳು ಆಗ ನಕ್ಕಿದ್ದಳು. ಹಾಗಂತ ಅಮ್ಮ ಹೇಳಿದ್ದಾಳೆ, ಇರಲಿ ಬಿಡು ಎಂದು ಅವನು ಅಂದಿದ್ದ.

ಜನ ಕರಗಿದ ಮೇಲೆ ಫೋತೀನಿ ಕಾಫಿ ಕಾಯಿಸಿಕೊಂಡು ಮೂಲೆಯ ಮೇಜಿಗೆ ಹೋದಳು. ಎಣ್ಣೆಯ ಜಿಡ್ಡು ಹತ್ತಿದ ಹಳೆಯ ಲ್ಯಾಪ್‌ಟಾಪ್ ತೆರೆದಳು. ದಿನಾ ಕೆಲಸ ಮುಗಿದ ಮೇಲೆ ಒಂದು ಆಟ ಆಡಿಯೇ ಏಳುವುದಂತೆ. ಲೆಫ್ಟೆರಿಸ್ ಎಂದಿನಂತೆ ಆ ಕಡೆಗೆ ಬೆನ್ನು ಮಾಡಿ ಬಾಣಲೆ ಉಜ್ಜತೊಡಗಿದ. ಊರಿಗೆ ಬಂದ ಮೇಲೆ ಅವನು ಆ ಪರದೆಯತ್ತ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಅಷ್ಟು ನೋವು ಇತ್ತು ಅವನಿಗೆ. ಆಟ ತೆರೆದುಕೊಂಡಿತು. ಯಾರನ್ನೂ ಏನೂ ಕೇಳದೆ, ನೇರವಾಗಿ.

ಮೆರಿನ್ ಕಣ್ಣರಳಿಸಿದ್ದು ಫೋತೀನಿಗೆ ಕಂಡಿತು. "ಫಾದರ್ ನೆಕ್ಟಾರಿಯೋಸ್ ಹಾಕ್ಕೊಟ್ರು," ಎಂದಳು ನಿರಾಳವಾಗಿ. "ದುಡ್ಡು ಕೊಟ್ಟು ತಗೊಂಡಿದ್ದಕ್ಕೆ ಬೀಗ ಒಡುದ್ರೆ ಪಾಪ ಇಲ್ವಂತೆ. ನಿಂಗೇನಾದ್ರೂ ಹೇಳೋದಿದ್ರೆ ಭಾನುವಾರ ಚರ್ಚಿಗೆ ಬಂದು ಹೇಳು."

ಮೆರಿನ್ ಗಾಬರಿಯಾದಳು. ಪಾಪಪುಣ್ಯದ ಲೆಕ್ಕಕ್ಕಲ್ಲ. ಲೆಫ್ಟೆರಿಸ್ ಬಿಟ್ಟುಹೋದ ಮೇಲೆ, ಬೀಗ ಒಡೆದ ಕಳ್ಳ ಪ್ರತಿಗಳು ಎಲ್ಲೆಲ್ಲೂ ಹರಡಿದಾಗ, ಅವಳು ಉರಿದುಹೋಗಿ ಒಂದು ವಾರಾಂತ್ಯ ಕೂತು ಗುಟ್ಟಾಗಿ ಒಂದು ಶಿಕ್ಷೆ ಬರೆದು ಆಟದ ಹೊಸ ಆವೃತ್ತಿಗೆ ಸೇರಿಸಿದ್ದಳು. ಬೀಗ ಒಡೆದದ್ದು ಗೊತ್ತಾದರೆ ಟ್ರೆವರ್ ರಾಕ್ಷಸನಾಗುತ್ತಾನೆ. ಒಂದು ಚಿಪ್ಸ್ ಅಲ್ಲ, ಇಡೀ ಪೊಟ್ಟಣ. ಆಮೇಲೆ ನೆಂಟರಿಷ್ಟರನ್ನೆಲ್ಲ ಕರೆತರುತ್ತಾನೆ. ಕೊನೆಗೆ ಉಪ್ಪಿನ ಡಬ್ಬಿ ಹೊತ್ತೊಯ್ದು ಗಲ್ಲೆಯ ಮೇಲೆ ತಾನೇ ಕೂರುತ್ತಾನೆ. ಯಾರೂ ಗೆಲ್ಲಬಾರದು, ತಲೆ ಚಚ್ಚಿಕೊಂಡು ಸಾಯಲಿ ಎಂದೇ ಬರೆದದ್ದು. ಕಳ್ಳ ಪ್ರತಿಯವರು ಒಬ್ಬೊಬ್ಬರಾಗಿ ಕೈಚೆಲ್ಲಿದಾಗ ಶೆಡ್ಡಿನಲ್ಲಿ ಒಬ್ಬಳೇ ಕೂತು ನಕ್ಕಿದ್ದಳು. ಆ ಶಿಕ್ಷೆಯನ್ನು ಹೆಚ್ಚುಕಡಿಮೆ ಆರು ವರ್ಷದಿಂದ ಈ ಹೆಂಗಸು ದಿನಾ ಅನುಭವಿಸುತ್ತಿದ್ದಾಳೆ. ಒಮ್ಮೆ ಬೀಗ ಕಳ್ಳಿ ಎಂದಿತು, ಈಗ ಹಕ್ಕಿಯೂ ಎನ್ನುತ್ತಿದೆ.

ಆದರೆ ಪರದೆಯ ಮೇಲೆ ನಡೆದದ್ದೇ ಬೇರೆ. ಫೋತೀನಿ ಅಂಗಡಿ ತೆರೆದವಳೇ ಮೊದಲ ಪೊಟ್ಟಣವನ್ನು ಗಿರಾಕಿಗೆ ಕೊಡಲಿಲ್ಲ, ಟ್ರೆವರ್‌ನ ಮುಂದಿಟ್ಟಳು. ಟ್ರೆವರ್ ತಿಂದ, ಗಲ್ಲೆಯ ಮೇಲೇರಿ ಕೂತ. ಮೆರಿನ್ ಬರೆದ ಹಿಂಡು ಆಕಾಶದಿಂದ ಇಳಿಯಿತು. ಲೆಫ್ಟೆರಿಸ್ ಬರೆದ ಹೊಟ್ಟೆ ತುಂಬಿದ ಟ್ರೆವರ್ ಎದ್ದು ಅಷ್ಟನ್ನೂ ಅಟ್ಟಿಕೊಂಡು ಹೋದ. ರೆಕ್ಕೆ, ಗರಿ, ಕಿರುಚಾಟ, ಬಿಡಿಸಿ ಹೇಳಲಾಗದ ಒಂದು ಮಹಾಯುದ್ಧ. ಅದರ ನಡುವೆ ಫೋತೀನಿ ಕಾಫಿ ಹೀರುತ್ತ ಒಬ್ಬೊಬ್ಬ ಗಿರಾಕಿಯನ್ನೇ ಕಳಿಸುತ್ತಿದ್ದಳು. ಇಂಥ ಆಟವನ್ನು ಮೆರಿನ್ ಕಂಡೇ ಇರಲಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ಮಾಡಿದವಳಿಗೇ ಹೊಟ್ಟೆಕಿಚ್ಚಾಯಿತು.

"ಒಂದು ಮಾತು ಮಾತ್ರ ಹೇಳ್ತೀನಿ," ಎಂದಳು ಫೋತೀನಿ, ಕಣ್ಣು ತೆಗೆಯದೆ. "ಬೀಗ ಹಾಕಿದ್ದು ನೀನು, ಅದಕ್ಕೆ ನನ್ ಶಾಪ ಇದೆ. ಆದ್ರೆ ಹಕ್ಕಿನ ಮಾತ್ರ ನನ್ ಮಗ ಸರಿಯಾಗ್ ಬರ್ದಿದಾನೆ. ಗಲ್ಲೆ ಮೇಲೆ ಹೆಂಗ್ ಕೂತಿದೆ ನೋಡು, ತೆರಿಗೆ ಆಫೀಸಿನವನ ಹಂಗೆ."

ಬಾಣಲೆ ಉಜ್ಜುವ ಸದ್ದು ನಿಂತಿತು. ನನ್ನ ಹಕ್ಕಿ ಗಲ್ಲೆಯ ಮೇಲೆ ಕೂರುವುದಿಲ್ಲವಲ್ಲ ಎಂದ ಲೆಫ್ಟೆರಿಸ್. ಕೈ ಒರೆಸಿಕೊಳ್ಳುತ್ತ ಬಂದು, ಆರು ವರ್ಷದಲ್ಲಿ ಮೊದಲ ಸಲ ತಾಯಿಯ ಭುಜದ ಮೇಲಿನಿಂದ ಪರದೆ ನೋಡಿದ. ನೋಡುತ್ತ ನೋಡುತ್ತ ಹುಬ್ಬು ಮೇಲೇರಿತು. "ಇಷ್ಟು ಹಕ್ಕಿ ನಾನ್ ಬರ್ದಿಲ್ಲಮ್ಮ," ಎಂದ. ಆಮೇಲೆ ಇಬ್ಬರೂ ಮೆರಿನ್ ಕಡೆ ತಿರುಗಿದರು.

ಸುಳ್ಳು ಹೇಳಬಹುದಿತ್ತು. ಏನೋ ಸಣ್ಣ ದೋಷ ಎಂದಿದ್ದರೆ ಸಾಕಿತ್ತು. ಮುದುಕಿ ಖುಷಿಯಲ್ಲಿದ್ದಳು, ಒಪ್ಪಿಗೆ ಇನ್ನೇನು ಕೈಗೆ ಬಂದಂತಿತ್ತು. ಆದರೆ ಎರಡನೆಯ ಸಲ ಈ ಅಂಗಡಿಯಲ್ಲಿ ನಾಲಿಗೆ ಜಾರಿಸಲು ಮೆರಿನ್‌ಗೆ ಮನಸ್ಸು ಬರಲಿಲ್ಲ. ಎಲ್ಲವನ್ನೂ ಹೇಳಿದಳು. ಹಿಂಡು ತನ್ನದು, ಬೀಗ ಒಡೆದವರಿಗೆ ಬರೆದ ಶಿಕ್ಷೆ ಅದು, ಅವರು ಗೆಲ್ಲಲೇಬಾರದೆಂದು ಬರೆದದ್ದು, ಥಿಯಾಗೆ ತಗಲುತ್ತದೆಂದು ಗೊತ್ತಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು.

ಫೋತೀನಿ ಕಾಫಿ ಕೆಳಗಿಟ್ಟಳು.

"ಅಂದ್ರೆ ಈ ಹಕ್ಕಿ ಕಳ್ಳರಿಗೆ ಅಂತ ಮಾಡಿದ್ದು."

"ಹೂಂ, ಥಿಯಾ."

"ದುಡ್ಡು ಕೊಟ್ಟೋರಿಗೆ?"

ಮೆರಿನ್ ತನ್ನ ಲ್ಯಾಪ್‌ಟಾಪಿನಲ್ಲಿ ಕೊಂಡವರ ಪ್ರತಿಯನ್ನು ತೆರೆದು ತೋರಿಸಿದಳು. ಒಬ್ಬನೇ ಒಬ್ಬ ಟ್ರೆವರ್ ಮೆಲ್ಲಗೆ ನಡೆದುಬಂದು, ಬೇರೆ ಕಡೆ ನೋಡಿ, ಒಂದು ಚಿಪ್ಸ್ ಎತ್ತಿಕೊಂಡು ಹೋದ. ಟವೆಲ್ ಬೀಸಿದರೆ ಹಾರಿಹೋದ. ಫೋತೀನಿ ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖ ಗಂಟಿಕ್ಕುತ್ತ ಹೋಯಿತು.

"ಕಳ್ಳರಿಗೆ ಹುಲಿಯಂಥ ಹಕ್ಕಿ, ಕಾಸು ಕೊಟ್ಟೋರಿಗೆ ಈ ಪೆದ್ದು ಪಾರಿವಾಳನಾ? ಏನ್ ವ್ಯಾಪಾರ ಕಣೇ ನಿಂದು? ಮಾನ ಮರ್ಯಾದೆ ಇರೋರು ಮಾಡೋ ಕೆಲ್ಸನಾ ಇದು?"

ಲೆಫ್ಟೆರಿಸ್ ಮೊದಲು ನಕ್ಕ. ಬಾಣಲೆಯ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಮೆರಿನ್‌ಗೂ ತಡೆಯಲಾಗಲಿಲ್ಲ. ನಗುತ್ತಲೇ ಅವನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹಿಂಡಿನ ಕೋಡು ತೋರಿಸು ಎಂದ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಅವನು ಕಾಯಲು ಕಲಿಸಿದ್ದ ಹಕ್ಕಿಗೆ ಯಾರಿಂದ ಕಾಯಬೇಕೆಂಬುದನ್ನು ಅವಳು ಸಿಟ್ಟಿನಲ್ಲಿ ಬರೆದುಕೊಟ್ಟಿದ್ದಳು. ಮಾತುಬಿಟ್ಟು ಕೂತ ದಿನಗಳಲ್ಲೇ ಅವರಿಬ್ಬರ ಅತ್ಯುತ್ತಮ ಕೆಲಸ ನಡೆದುಹೋಗಿತ್ತು, ಇಬ್ಬರಿಗೂ ತಿಳಿಯದೆ. ಅದನ್ನು ಕಂಡವಳು ಜಗತ್ತಿನಲ್ಲಿ ಫೋತೀನಿ ಒಬ್ಬಳೇ.

"ನಂಗೂ ನಿನ್ ಒಪ್ಪಿಗೆ ಬೇಕಾಗತ್ತಲ್ಲ ಹಂಗಾದ್ರೆ," ಎಂದ ಲೆಫ್ಟೆರಿಸ್.

"ಅದು ಇವತ್ತು ತಾಜಾ ಬಂದಿದೆ," ಎಂದಳು ಮೆರಿನ್.

ಫೋತೀನಿ ತನ್ನ ತೀರ್ಪು ಕೊಟ್ಟಳು. ಬೀಗ ಹೋಗಬೇಕು, ಅದರ ಬೇರು ಸಮೇತ. ಎಲ್ಲರಿಗೂ ಕಳ್ಳರ ಹಕ್ಕಿಯೇ ಸಿಗಬೇಕು. ಹಕ್ಕಿಯ ಬುದ್ಧಿ ಕಲಿಸಿದವಳು ತಾನು, ಹಾಗಾಗಿ ಒಪ್ಪಿದವರ ಹೆಸರುಗಳಲ್ಲಿ ತನ್ನದೂ ಇರಬೇಕು, ಮಗನಿಗಿಂತ ಮೇಲೆ. ಇಷ್ಟಕ್ಕೆ ಒಪ್ಪಿದರೆ ಹೂಂ. ಮಗ ಹಿಟ್ಟು ಮೆತ್ತಿದ ಬೆರಳಲ್ಲೇ ತಾಯಿಯ ಹೆಸರು ಬರೆದ, ಅದರ ಕೆಳಗೆ ತನ್ನದು ಬರೆದ. ಮಾರನೆಯ ಬೆಳಗ್ಗೆ ಬೀಗದ ಕೋಡು ತೆರೆದಾಗ ಮೆರಿನ್ ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದಳು. ಅಳಿಸುವ ಸುಖ ನಿನಗಿರಲಿ ಎಂದಳು. ಅವನು ಒಂದೊಂದೇ ಸಾಲನ್ನು, ಮೀನಿನ ಮುಳ್ಳು ಬಿಡಿಸಿದಂತೆ, ನಿಧಾನವಾಗಿ ತೆಗೆದ.

ಶನಿವಾರ ಮಧ್ಯಾಹ್ನ ಆಟ ಬಯಲಿಗೆ ಬಂತು. ಸಂಜೆಯೊಳಗೆ ಫಿನ್‌ಲ್ಯಾಂಡಿನವನೊಬ್ಬ ಮೊದಲ ತಿದ್ದುಪಡಿ ಕಳಿಸಿದ: ಹಕ್ಕಿ ವಿಪರೀತ ಕಷ್ಟ, ಅರ್ಧಕ್ಕೆ ಇಳಿಸಿದ್ದೇನೆ, ದಯವಿಟ್ಟು ಸೇರಿಸಿಕೊಳ್ಳಿ. ಲೆಫ್ಟೆರಿಸ್ ಅದನ್ನು ಓದಿ ಹೇಳಿದಾಗ ಫೋತೀನಿ ಹಿಟ್ಟು ಕಲಸುತ್ತಲೇ ಉತ್ತರ ಬರೆಸಿದಳು. ಬೇಡ, ಮೊದಲ ಪೊಟ್ಟಣ ಅವನಿಗೆ ಕೊಟ್ಟು ನೋಡಪ್ಪ ಎಂದು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು.

ಭಾನುವಾರ ಚರ್ಚು ಬಿಟ್ಟ ಮೇಲೆ ಅಂಗಡಿ ತುಂಬಿತು. ಆವತ್ತಿನ ಮೀನುಗಾರರೇ, ಒಂದಿಷ್ಟು ನರೆತವರು. ಮುಂದಿನ ಕುರ್ಚಿಯಲ್ಲಿ ಫಾದರ್ ನೆಕ್ಟಾರಿಯೋಸ್, ಬೀಗ ಒಡೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಫಾದರ್ ಹಾಕಿಕೊಟ್ಟಿದ್ದ ಹಳೆಯ ಪ್ರತಿಯನ್ನು ತೆಗೆದು ಲೆಫ್ಟೆರಿಸ್ ಹೊಸದನ್ನು ಹಾಕಿದ್ದ. ಮಧ್ಯಾಹ್ನ ಸಿಡ್ನಿಯ ಸರ್ವರ್ ಆರುವ ಹೊತ್ತಿಗೆ ಸರಿಯಾಗಿ ಫೋತೀನಿ ಎದ್ದು ನಿಂತಳು. ಎಲ್ಲರಿಗೂ ಕಾಣುವಂತೆ ಗೋಡೆಯ ಹತ್ತಿರ ಹೋಗಿ, ಇಂಟರ್ನೆಟ್ಟಿನ ತಂತಿಯನ್ನು ತಾನೇ ಕಿತ್ತು ಕೈಯಲ್ಲಿ ಎತ್ತಿ ತೋರಿಸಿದಳು. ಅದನ್ನು ಸುರುಳಿ ಸುತ್ತಿ ಮೆರಿನ್ ಕೈಗೆ ಕೊಟ್ಟಳು. ಮೆರಿನ್ ತಂತಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ಫೋತೀನಿ ಗುಂಡಿ ಒತ್ತಿದಳು. ಪರದೆಯ ಮೇಲೆ ಅವಳದೇ ಮುಖ ಮೂಡಿತು, ಅವಳದೇ ಏಪ್ರನ್ ತೊಟ್ಟು, ಮತ್ತು ಇಡೀ ಊರನ್ನು ಕೇಳಿತು, ಉಪ್ಪು ಹಾಕ್ಲಾ ಎಂದು.

ಎಲ್ಲರೂ ಒಟ್ಟಿಗೆ ಹೂಂ ಅಂದರು. ಫೋತೀನಿ ಟೋಪಿ ಸರಿಮಾಡಿಕೊಂಡು ಕೂತು, ಮೊದಲ ಪೊಟ್ಟಣವನ್ನು ಟ್ರೆವರ್‌ನ ಮುಂದಿಟ್ಟಳು.